ಮಳೆಯಂತ್ರಕ್ಕೆ ಎರೆದ ನೀರು

ಮಮದಾಪುರದ ಆಚೆಯ ವಸ್ತಿಯಲ್ಲಿ ಕೈಪಂಪು ಒತ್ತಿದರೆ ಬರೀ ಗಾಳಿ ಬರುತ್ತಿತ್ತು. ಇಂದ್ರವ್ವನ ಎಮ್ಮೆ ನೀರು ಕುಡಿಯುವ ಒಣಗಿದ ತೊಟ್ಟಿ ನೆಕ್ಕಿ ನೆಕ್ಕಿ ನಾಲಿಗೆ ಸುಲಿದುಕೊಂಡಿತ್ತು. ಎದುರಿಗೇ ಸೋಮಪ್ಪ ಸಾವಕಾರನ ಕಬ್ಬು ಹಸಿರಾಗಿ ಮೆರೆಯುತ್ತಿತ್ತು. ಅಲ್ಲಿ ಬೋರ್‌ವೆಲ್ ಅವನದು, ಕೂಲಿ ಇಂದ್ರವ್ವನದು.

ಆ ತೋಟದಲ್ಲೇ ಸರಕಾರ ಮಳೆ ಅಳೆಯುವ ಯಂತ್ರ ನೆಟ್ಟಿತ್ತು. ಮೇಲೆ ಬಾಯಿ ತೆರೆದ ಬಿಳಿ ಡಬ್ಬಿ. ಬರ ಬೀಳುವ ಮೊದಲೇ ಎಚ್ಚರಿಸಬೇಕೆಂದು ಹೊಸ ಕಾಯ್ದೆ. ಯಂತ್ರ ಮಳೆಯಿಲ್ಲ ಎಂದರೆ ವಸ್ತಿಗೆ ಟ್ಯಾಂಕರ್, ದನಕ್ಕೆ ಮೇವು. ಜೊತೆಗೆ ಸಾವಕಾರನ ಬೋರ್‌ವೆಲ್ಲೂ ಊರಿನ ಪಾಲು. ಈ ಕೊನೆಯ ಮಾತು ಸಾವಕಾರನಿಗೆ ಚೆನ್ನಾಗಿ ಗೊತ್ತಿತ್ತು. ಇಂದ್ರವ್ವನಿಗೆ ಯಾರೂ ಹೇಳಿರಲಿಲ್ಲ.

“ಸರಕಾರದ ವಸ್ತು ಐತಿ, ಹಕ್ಕಿ ಹೊಲಸ ಮಾಡ್ತಾವ. ದಿನಾ ಮುಂಜಾನಿ ಮ್ಯಾಲಿಂದ ನೀರ ಸುರುವಿ ತೊಳಿ,” ಎಂದಿದ್ದ ಸಾವಕಾರ ಇಂದ್ರವ್ವನಿಗೆ.

“ಇದರಿಂದನ ಟ್ಯಾಂಕರ್ ಬರತೈತೇನ್ರಿ ಸಾವಕಾರ್ರ?”

“ಹೂಂ ಮತ್ತ! ಭಕ್ತೀಲೆ ಮಾಡು.”

ಭಕ್ತಿಯಿಂದಲೇ ಮಾಡಿದಳು, ಪಾಪ. ಮನೆದೇವರಿಗೆ ಎರೆದ ಹಾಗೆ ಸಾವಕಾರನ ಬೋರ್‌ವೆಲ್ಲಿನ ನೀರೆರೆದು, ವಿಭೂತಿ ಹಚ್ಚಿ, ಕೈ ಮುಗಿದಳು. ಉಳಿದ ಒಂದು ತಂಬಿಗೆ ನೀರು ಎಮ್ಮೆಗೆ ಒಯ್ಯಲು ಹೋದರೆ ಸಾವಕಾರ ಗದರಿಸಿ ಕಬ್ಬಿನ ಬುಡಕ್ಕೆ ಚೆಲ್ಲಿಸಿದ.

ಟ್ಯಾಂಕರ್ ಬರಲಿಲ್ಲ. ಎಮ್ಮೆ ಸತ್ತಿತು. ಅದನ್ನು ಎಳೆದುಹಾಕಿದ ಮರುದಿನ ತಾಲೂಕಿನಿಂದ ಸಾಹೇಬರು ಜೀಪಿನಲ್ಲಿ ಬಂದರು. ವಸ್ತಿಯವರೆಲ್ಲ ತೋಟದಲ್ಲಿ ಅವರನ್ನು ಮುತ್ತಿಕೊಂಡರು.

“ಬರ ಎಲ್ಲೈತಿ? ದಿನಾ ಮಳಿ ಆಗೈತಿ ಅಂತ ಯಂತ್ರ ಹೇಳತೈತಿ,” ಎಂದರು ಸಾಹೇಬರು.

“ಸತ್ತ ಎಮ್ಮಿ ಕಾಣವಲ್ತೇನ್ರಿ?” ಎಂದಳು ನೆರೆಮನೆಯ ಬಾಳವ್ವ.

“ಕಾಯ್ದೆದಾಗ ಎಮ್ಮಿ ಇಲ್ಲ. ಯಂತ್ರ ಐತಿ.”

ಆಗ ಬಾಳವ್ವನ ಕಣ್ಣು ಯಂತ್ರಕ್ಕೆ ಹಚ್ಚಿದ ಹಸಿ ವಿಭೂತಿಯ ಮೇಲೆ ಬಿತ್ತು. “ಏ ಇಂದ್ರಿ, ಏನ್ ಮಾಡೀದಿ ನೀ?”

ತಾನು ಎರೆದ ನೀರನ್ನೇ ಯಂತ್ರ ಮಳೆ ಎಂದು ಲೆಕ್ಕ ಹಾಕಿತ್ತೆಂದು ಇಂದ್ರವ್ವನಿಗೆ ಈಗ ಹೊಳೆಯಿತು. ತನ್ನ ಎಮ್ಮೆಯ ಬಾಯಿಯ ನೀರನ್ನು ತಾನೇ ಕಸಿದಿದ್ದಳು.

ಸಾವಕಾರ ಮುಂದೆ ಬಂದ. “ಬುದ್ಧಿ ಇಲ್ಲದ ಹೆಂಗಸ್ರೀ ಸಾಹೇಬ್ರ. ಕೇಸ್ ಹಾಕ್ರಿ.”

“ಯಂತ್ರ ಕೆಡಿಸೂದು ಅಪರಾಧ. ತನಿಖಿ ಮುಗಿಯೂತನಕ ಬರದ ಮಾತ ಇಲ್ಲ,” ಎಂದು ಸಾಹೇಬರು ಪೆನ್ನು ತೆಗೆದರು. “ಹೆಸರ ಹೇಳ.”

“ಇಂದ್ರವ್ವ. ಕೈ ನಂದ ಹೌದ್ರಿ, ಬರ್ಕೋರಿ. ನೀರ ಯಾರ ಬೋರಿಂದು, ಈ ಕೆಲಸಕ್ಕ ನನ್ನ ಹಚ್ಚಿದಾವರ ಯಾರು, ಅದನೂ ಬರೀರಿ.”

ಪೆನ್ನು ನಿಂತಿತು. ಸಾಹೇಬರು ಸಾವಕಾರನ ಮುಖ ನೋಡಿದರು. ಆಮೇಲೆ ಪೆನ್ನು ಮುಚ್ಚಿ ಇಂದ್ರವ್ವನಿಗೆ, “ಜೀಪ್ ಹತ್ತು,” ಎಂದರು.

ಬಾಳವ್ವ ಹೋಗಿ ಜೀಪಿನ ಗಾಲಿಯ ಮುಂದೆ ಕುಳಿತಳು. “ಆಕಿ ಹೇಳಿದ್ದೆಲ್ಲಾ ಬರಿಯೂತನಕ ಹೋಗಾಕ ಬಿಡಂಗಿಲ್ರಿ.”

ಅವಳ ಬಾಜೂ ಇಡೀ ವಸ್ತಿ ಕುಳಿತಿತು. ಡ್ರೈವರ್ ಹಾರ್ನ್ ಒತ್ತಿದ. ಯಾರೂ ಏಳಲಿಲ್ಲ.