ಎಡಗಾಲಿನ ನಾಡಿ

ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯಲ್ಲಿ ಟಪಾಲಿನ ಕಮಲಾಕ್ಷನಿಗೆ ನಾರಾವಿಯ ರಸ್ತೆ ಮುಗಿಯದಷ್ಟು ಉದ್ದವಾಯಿತು. ಇನ್ನೂರು ಹೆಜ್ಜೆ ಹಾಕುವುದರೊಳಗೆ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಮೋರಿಯ ಕಟ್ಟೆಯಲ್ಲಿ ಕೂತು ಒಂದು ಬೀಡಿ ಸೇದಿದರೆ ಬಿಡುತ್ತಿತ್ತು. ಬೀಡಿಯೇ ಮದ್ದು ಎಂದು ಅವನ ಗಟ್ಟಿ ನಂಬಿಕೆ. ನಂಬದೆ ಏನು ಮಾಡಿಯಾನು ಪಾಪ! ಅದು ಅಂಗಡಿಯದ್ದಲ್ಲ, ಹೆಂಡತಿ ಕುಸುಮ ಕಂಪೆನಿಯ ಬೀಡಿ ಕಟ್ಟುವಾಗ ಒಳ್ಳೆಯ ಎಲೆ ಆರಿಸಿ ಅವನಿಗೆಂದೇ ಕಟ್ಟಿದ್ದು. ಬೆಳಿಗ್ಗೆ ಟಪಾಲು ಚೀಲದ ಜೊತೆ, ಎಲೆಯಲ್ಲಿ ಸುತ್ತಿ ನೂಲು ಬಿಗಿದ ಬೀಡಿಯ ಕಟ್ಟನ್ನೂ ಕೈಗೆ ಕೊಡದಿದ್ದರೆ ಅವಳಿಗೇ ಸಮಾಧಾನವಿಲ್ಲ.

ಕಾಲಿನ ಹೆಬ್ಬೆರಳು ಕಪ್ಪಾದಾಗ ಅವನ ಜೀವ ಹಾರಿತು. ಕಾಲು ಹೋದರೆ ಟಪಾಲಿನವನಿಗೆ ಉಳಿಯುವುದೇನು? ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿ ಮೂಡಬಿದ್ರೆಗೆ ಹೋದ.

ಡಾಕ್ಟರ್ ಶಾಂತಿಪ್ರಸಾದರು ಅವನ ಪಾದಗಳ ಮೇಲೆ ಬೆರಳಿಟ್ಟು ನೋಡಿದರು. ಬಲಗಾಲಿನಲ್ಲಿ ನಾಡಿ ಸಿಕ್ಕಿತು, ಎಡಗಾಲಿನಲ್ಲಿ ಇಲ್ಲ.

"ರಕ್ತನಾಳ ಕಟ್ಟಿಕೊಂಡಿದೆ. ಬೀಡಿ ಉಂಟಾ?"

"ಅದರಿಂದಲೇ ನಡೀತಾ ಇದ್ದೇನೆ ಡಾಕ್ಟ್ರೇ."

"ಹಾಗಾ? ಬನ್ನಿ, ನೋಡುವ."

ಡಾಕ್ಟರು ಅವನನ್ನು ಪೇಟೆಯ ರಸ್ತೆಯಲ್ಲಿ ನಡೆಸಿದರು. ಕಾಲು ಹಿಡಿಯಿತು. ಜಗಲಿಯೊಂದರಲ್ಲಿ ಕೂರಿಸಿ, ಕಿಸೆಗೆ ಹೋದ ಅವನ ಕೈಯನ್ನು ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಗಡಿಯಾರ. ಮೂರೇ ನಿಮಿಷ, ನೋವು ಹೋಯಿತು.

"ಮದ್ದು ಬೀಡಿ ಅಲ್ಲ ಮಾರಾಯ್ರೆ, ಕೂತದ್ದು. ನಾಳ ಬಿಡಿಸುವ ಉಪಾಯ ನನ್ನಲ್ಲಿಲ್ಲ. ನೋವು ಬರುವವರೆಗೆ ನಡೀರಿ, ಕೂತ್ಕೊಳ್ಳಿ, ಪುನಃ ನಡೀರಿ. ಬೀಡಿ ಒಂದೂ ಬೇಡ. ಸೇದಿದರೆ ಕಾಲು ತೆಗೀಬೇಕಾದೀತು."

ಹಿಂದಿರುಗುವ ಬಸ್ಸಿನಲ್ಲಿ ಅವನು ಸೀಟಿನಲ್ಲಿ ನೆಟ್ಟಗೆ ಕೂರಲಿಲ್ಲ. ಕಾಲಿನ ಚಿಂತೆಗಿಂತ ಕುಸುಮಳಿಗೆ ಹೇಳುವುದು ಹೇಗೆಂಬ ಚಿಂತೆ ದೊಡ್ಡದಾಗಿತ್ತು.

ಅವಳು ಚಾವಡಿಯಲ್ಲಿ ಎಲೆ ಕತ್ತರಿಸುತ್ತಿದ್ದಳು.

"ಬೀಡಿ ಬಿಡ್ಬೇಕಂತೆ. ಕೆಮ್ಮಿಗೆ."

"ಕೆಮ್ಮು ಎಲ್ಲುಂಟು ನಿಮಗೆ?" ಅವಳ ಕಣ್ಣು ಕಪ್ಪು ಬೆರಳಿಗೆ ಹೋಯಿತು, ಕತ್ತರಿ ನಿಂತಿತು. "ಹದಿನಾಲ್ಕು ವರ್ಷ ನಾನೇ ಅಲ್ವಾ ಕಟ್ಟಿ ಕೊಟ್ಟದ್ದು."

ಅವನು ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡ.

ಮರುದಿನ ಬೆಳಿಗ್ಗೆ ಚೀಲದ ಜೊತೆ ಅದೇ ಎಲೆಯ, ಅದೇ ನೂಲಿನ ಕಟ್ಟೊಂದು ಕೈಗೆ ಬಂತು. ಅವಳು ಮುಖ ನೋಡದೆ ಒಳಗೆ ಹೋದಳು. ಇವಳಿಗೆ ಅರ್ಥವೇ ಆಗಲಿಲ್ಲವೇ ಎಂದು ದಾರಿಯುದ್ದಕ್ಕೂ ಅವನಿಗೆ ತಳಮಳ.

ಕಾಲು ಹಿಡಿಯಿತು. ಮೋರಿಯ ಮೇಲೆ ಕೂತು ನೂಲು ಬಿಚ್ಚಿದ. ಒಳಗೆ ಬೆಲ್ಲದ ಸಣ್ಣ ಸಣ್ಣ ಚೂರುಗಳಿದ್ದವು. ಲೆಕ್ಕ ಮಾಡಿದ: ಬೀಡಿಯ ಕಟ್ಟಿನಲ್ಲಿರುವಂತೆಯೇ ಇಪ್ಪತ್ತೈದು.

ಒಂದನ್ನು ಬಾಯಿಗೆ ಹಾಕಿಕೊಂಡ. ಅದು ಕರಗುವ ಮೊದಲೇ ನೋವು ಬಿಟ್ಟಿತು.