ಬಲಗಡೆಯ ಸೀಟು

ಲೋಟದ ನೀರಿನ ಮೇಲೆ ಕಿಟಕಿಯ ಬಿಸಿಲು ಚೂರುಚೂರಾಗಿ ಕುಣಿಯುತ್ತಿದೆ, ಇನ್ನೊಂಚೂರು ಅನ್ನ ಹಾಕ್ಲೇನೋ, ಸಾಕಕ್ಕಾ, ಅವನು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾನೆ — ಎದುರಿಗೆ ಕೂತ ಭಾವ ಅಂಗೈಯನ್ನು ಮುಖದ ಮುಂದೆ ಓರೆಯಾಗಿ ಹಿಡಿದು ತಮ್ಮ ಅಮ್ಮನಿಗೆ ವಿವರಿಸುತ್ತಿದ್ದಾರೆ, ನೋಡಮ್ಮಾ, ವಿಮಾನದಲ್ಲಿ ನನ್ನ ಕಣ್ಣ ಮುಂದೆ ಇಷ್ಟೇ ಅಗಲದ ಗಾಜು, ಮೇಲಿಂದ ಇಳಿಸ್ಕೊಳ್ಳೋದು, ವೇಗ, ಎತ್ತರ, ದಿಗಂತದ ಗೆರೆ ಎಲ್ಲಾ ಅದರ ಮೇಲೇ ಹಸಿರಾಗಿ ಮೂಡುತ್ತೆ, ರನ್‌ವೇನೂ ಅದರೊಳಗಿಂದಾನೇ ಕಾಣುತ್ತೆ, ಅಕ್ಷರಗಳೂ ರನ್‌ವೇಯಷ್ಟೇ ದೂರದಲ್ಲಿ ಇದ್ದ ಹಾಗೆ ಕಾಣೋದ್ರಿಂದ ಕಣ್ಣು ಕೆಳಗಿಳಿಸೋದೇ ಬೇಡ — ಸರಿಯಾಗೇ ಹೇಳುತ್ತಾರೆ, ಪಾಠ ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಆ ಗಾಜು ಎಡಗಡೆಯ ಕ್ಯಾಪ್ಟನ್ ಸೀಟಿಗೆ ಮಾತ್ರ ಎಂಬುದೊಂದನ್ನು ಬಿಟ್ಟು, ಬಲಗಡೆ ಕೂರುವ ಸಹಪೈಲಟ್, ಭಾವಮೈದುನನಾದ ಅವನು, ತಲೆ ತಗ್ಗಿಸಿ ಮೀಟರು ಓದಬೇಕು, ತಲೆ ಎತ್ತಿ ಹೊರಗೆ ನೋಡಬೇಕು, ಕೋಳಿ ನೀರು ಕುಡಿದ ಹಾಗೆ, ಎಷ್ಟು ವರ್ಷದಿಂದ ಅದೇ, ಮೊನ್ನೆಯೂ ಹಾಗೇ ಎತ್ತಿದಾಗ ಮೋಡ ಹರಿದು ರನ್‌ವೇ ಕಂಡಿತು, ಅದರ ನಡುವೆ ಹಳದಿ ಗಾಡಿ. ಸರ್, ಗಾಡಿ. ಭಾವ ಉಸಿರು ಬಿಗಿಹಿಡಿದು, ವಿಮಾನ ಎತ್ತ ಹೋಗುತ್ತಿದೆಯೆಂದು ತೋರಿಸುವ ಪುಟ್ಟ ಹಸಿರು ವೃತ್ತವನ್ನು ಇಳಿಯುವ ಜಾಗದ ಮೇಲೆ ಕೂರಿಸುತ್ತಿದ್ದರು, ಸೂಜಿಗೆ ದಾರ ಪೋಣಿಸುವವರ ಹಾಗೆ, ಎಷ್ಟು ಚೆಂದ ಕೂರಿಸಿದರೆಂದರೆ ಅದರಾಚೆ ಇದ್ದದ್ದು ಕಾಣಲೇ ಇಲ್ಲ — ಸರ್! ಗಾಡಿ! — ಮೂರನೆಯ ಸಲ ಸರ್ ಎಂಬುದು ಬಾಯಿಗೆ ಬರಲಿಲ್ಲ, ಭಾವಾ, ಎತ್ತಿ, ಎತ್ತಿ ಅಂದ್ರೆ! ಆಗ ಭಾವನ ಕೈ ಮುಂದಕ್ಕೆ ಹೋಯಿತು, ಎಂಜಿನ್ ಅಬ್ಬರಿಸಿತು, ವಿಮಾನ ಮತ್ತೆ ಮೇಲೆದ್ದಿತು, ಪ್ರಯಾಣಿಕರ ಕಿರುಚಾಟ ಬಾಗಿಲು ದಾಟಿ ಬಂತು. ಆಫೀಸಿನಲ್ಲಿ ಮುಖ್ಯ ಪೈಲಟ್ ಕೇಳಿದ್ದು ಒಂದೇ, ಮೊದಲು ಯಾರಿಗ್ರೀ ಕಂಡಿದ್ದು, ಅವನು ಬಾಯಿ ತೆರೆಯುವ ಮೊದಲೇ ಭಾವ, ನನಗೇ ಸರ್, ವೃತ್ತದ ಕೆಳಗೇ ಇತ್ತಲ್ಲ, ಇವನೂ ಕೂಗಿದ ಅನ್ನಿ — ಹೌದೇನಪ್ಪಾ, ಎಂದು ಮುಖ್ಯ ಪೈಲಟ್ ಅವನತ್ತ ತಿರುಗಿದರು — ಎಡಗಡೆಯ ಸೀಟಿಗೆ ಅವನ ಹೆಸರು ಕಳಿಸಬೇಕಾದವರು ಭಾವನೇ, ತಲೆ ತಾನಾಗಿ ತಗ್ಗಿತು, ಹೌದು ಸರ್. ಬೇಕೆಂದೇ ಸುಳ್ಳು ಹೇಳಿದ್ದರೆ ದ್ವೇಷಿಸಬಹುದಿತ್ತು, ಆದರೆ ಕಾರಿನ ಹತ್ತಿರ ಹೆಗಲ ಮೇಲೆ ಕೈ ಹಾಕಿ, ನಾನು ನೋಡಿದ್ದಕ್ಕೆ ಉಳಿದ್ವಿ ಕಣೋ ಅಂದರಲ್ಲ, ಆ ದನಿಯಲ್ಲಿ ನಟನೆ ಇರಲಿಲ್ಲ, ನಂಬಿಯೇ ಬಿಟ್ಟಿದ್ದಾರೆ, ಈಗ ಅಕ್ಕನೂ ನಂಬಿದ್ದಾಳೆ, ಹದ್ದಿನ ಕಣ್ಣು ಇವರದ್ದು, ನೀನೂ ನೋಡಿ ಕಲ್ತ್ಕೊಳ್ಳೋ — ಕಲ್ತಿದ್ದೀನಕ್ಕಾ, ಚೆನ್ನಾಗೇ ಕಲ್ತಿದ್ದೀನಿ. ಗಾಡೀಲಿ ಯಾರಾದ್ರೂ ಇದ್ರೇನಪ್ಪಾ, ಭಾವನ ಅಮ್ಮ ಕೇಳುತ್ತಾರೆ. ಯಾರೂ ಇರ್ಲಿಲ್ಲಮ್ಮಾ, ಖಾಲಿ ಗಾಡಿ, ಭಾವ ತಟ್ಟೆಯಿಂದ ತಲೆ ಎತ್ತುವುದಿಲ್ಲ, ಸದ್ಯ ಎನ್ನುತ್ತಾಳೆ ಅಕ್ಕ — ಖಾಲಿಯಲ್ಲ, ನಿಜವಾಗಿ ನೋಡಿದ್ದವರಿಗೆ ಗೊತ್ತಿರುತ್ತಿತ್ತು, ಗಾಡಿಯ ಪಕ್ಕ ಒಬ್ಬ ಮಂಡಿಯೂರಿ ರನ್‌ವೇಯ ನೆಲದ ದೀಪ ಒರೆಸುತ್ತಿದ್ದ, ಸದ್ದು ಕೇಳದಂತೆ ಕಿವಿಗೆ ಮುಚ್ಚಳ ಹಾಕಿಕೊಂಡಿದ್ದ, ಬೆನ್ನು ವಿಮಾನದ ಕಡೆಗಿತ್ತು, ವಿಮಾನ ತಲೆಯ ಮೇಲೆ ಹಾದುಹೋಗುವವರೆಗೂ ತಿರುಗಲಿಲ್ಲ, ಒರೆಸುತ್ತಲೇ ಇದ್ದ, ಹೇಳಬೇಕು, ಈಗಲೇ ಹೇಳಬೇಕು, ಬಾಯಿ ತೆರೆದರೆ ಮಾತಿನ ಬದಲು ಬರುವುದು — ಆ ಬೆನ್ನು, ಅವಸರವಿಲ್ಲದೆ ಒರೆಸುವ ಆ ಕೈ, ಆ ಬೆನ್ನು