ಸುಟ್ಟ ಮಷೀನಿನ ಹದ

ಇಲ್ಲ ಅನ್ನುವುದಕ್ಕೆ ಕ್ಲೆಮೆಂಟ್ ಯಾವತ್ತೂ ಕಾರಣ ಹುಡುಕಿಕೊಂಡು ಹೋದವನಲ್ಲ. ಅವು ತಾವಾಗಿಯೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದವು. ಹೆಂಡತಿ ಪೌಲಿನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಅಂದು ಬೆಳಿಗ್ಗೆ ದಟ್ಟಗಳ್ಳಿಯ ಮನೆಯ ಗೇಟಿನವರೆಗೂ ಬಂದು, "ಮಷೀನು ಚೆನ್ನಾಗಿದ್ರೆ ಚೆನ್ನಾಗಿದೆ ಅಂದ್ಬಿಡಿ. ನಿಮ್ಮ ಭಯಕ್ಕೆ ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೀಬೇಡಿ," ಎಂದಳು.

ಆ ತಮ್ಮ ಆಂಟೋ, ಬೈಕು ಸ್ಟಾರ್ಟ್ ಮಾಡಿಕೊಂಡೇ ಕಾಯುತ್ತಿದ್ದ. ಅಕ್ಕನ ಮದುವೆಗೆ ಮುಂಚಿನಿಂದಲೂ ಕಂಡವರ ಎಕ್ಸ್‌ಕವೇಟರ್‌ಗಳನ್ನೇ ಓಡಿಸಿಕೊಂಡು ಬಂದವನು. ಹೊಸ ಲೇಔಟುಗಳಲ್ಲಿ ಒಳಚರಂಡಿಗೆ ಕಾಲುವೆ ತೋಡುವುದರಲ್ಲಿ ಅವನದು ಎತ್ತಿದ ಕೈ. ಈಗ ಹೂಟಗಳ್ಳಿಯ ಷಡಕ್ಷರಿಯ ಯಾರ್ಡಿನಲ್ಲಿ ಸುಟ್ಟ ಎಕ್ಸ್‌ಕವೇಟರ್ ಒಂದು ಮಾರಾಟಕ್ಕೆ ಬಂದಿತ್ತು. ಯಾರೋ ಸೇದಿ ಬಿಸಾಕಿದ ಬೀಡಿಗೆ ಒಣಹುಲ್ಲು ಹತ್ತಿ, ನಿಲ್ಲಿಸಿದ್ದ ಮಷೀನಿಗೂ ಹಬ್ಬಿ, ಅದರ ಮುಂಭಾಗ ಉರಿದುಹೋಗಿತ್ತು. ಅದನ್ನು ಕೊಂಡು ಭಾವನ ಶೆಡ್ಡಿನಲ್ಲಿ ಮತ್ತೆ ಕಟ್ಟಿಸಿಕೊಂಡರೆ ತಾನೂ ಒಂದು ಮಷೀನಿನ ಯಜಮಾನನಾಗಬಹುದು ಎಂಬುದು ಆಂಟೋನ ಆಸೆ.

"ನೀವು ಹೂಂ ಅಂದ್ರೆ ತಗೋತೀನಿ ಭಾವ, ಊಹೂಂ ಅಂದ್ರೆ ಬಿಟ್ಬಿಡ್ತೀನಿ. ಅಷ್ಟೇ," ಎಂದುಬಿಟ್ಟಿದ್ದ.

ಅವನಿಗೇನೋ ಅಷ್ಟೇ. ಹೂಂ ಅಂದು, ನಾಳೆ ಆ ಮಷೀನಿನ ತೋಳು ಕಳಚಿ ಕಾಲುವೆಯಲ್ಲಿ ಪೈಪು ಕೂರಿಸುತ್ತಿರುವವರ ಮೇಲೆ ಬಿದ್ದರೆ? ಊಹೂಂ ಅಂದು, ಮಷೀನು ಗಟ್ಟಿಯಾಗಿಯೇ ಇದ್ದು, ಅದನ್ನು ಬೇರೆ ಯಾರೋ ಕೊಂಡು ಓಡಿಸುವುದನ್ನು ಆಂಟೋ ದಿನಾ ನೋಡಬೇಕಾಗಿ ಬಂದರೆ? ಬೈಕಿನ ಹಿಂದೆ ಕೂತ ಕ್ಲೆಮೆಂಟನಿಗೆ ಎರಡೂ ಕಣ್ಣಿಗೆ ಕಟ್ಟಿದಂತೆ ಕಂಡವು.

ಹಗಲು ಗ್ಯಾರೇಜಿನಲ್ಲಿ ದುಡಿದು ಸಂಜೆ ಕ್ಲಾಸಿನಲ್ಲಿ ಡಿಪ್ಲೊಮಾ ಮಾಡಿಕೊಂಡವನು ಅವನು. ಸುಟ್ಟ ಮಷೀನನ್ನು ನೋಡುವುದಕ್ಕೂ ಒಂದು ಕ್ರಮ ಇಟ್ಟುಕೊಂಡಿದ್ದ. ಬಣ್ಣ ಬರೀ ಕಪ್ಪಾಗಿದ್ದರೆ ಬೆಂಕಿ ಸವರಿಕೊಂಡು ಹೋಗಿದೆ. ಬೊಬ್ಬೆ ಎದ್ದಿದ್ದರೆ ಸ್ವಲ್ಪ ಹೊತ್ತು ನಿಂತಿದೆ. ಬಣ್ಣ ಬೂದಿಯಾಗಿ ಕಬ್ಬಿಣ ಕೆಂಪಗೆ ಬತ್ತಲಾಗಿದ್ದರೆ, ಅಲ್ಲಿ ಬೆಂಕಿ ಮನೆ ಮಾಡಿಕೊಂಡು ಕೂತಿತ್ತು; ಆ ಉಕ್ಕಿನ ಹದ ಹೋಯಿತು, ಗಟ್ಟಿತನ ಉಳಿದಿಲ್ಲ ಎಂದೇ ಲೆಕ್ಕ. ಬೆಂಕಿ ತಾನೇ ಬರೆದಿಟ್ಟು ಹೋದ ಗುರುತು ಅದು. ಓದಿಕೊಂಡರಾಯಿತು, ತನ್ನ ಮನಸ್ಸನ್ನು ನಂಬಬೇಕಾಗಿಲ್ಲ.

ಯಾರ್ಡಿನ ಮೂಲೆಯಲ್ಲಿ ಮಷೀನನ್ನು ಕಂಡವನೇ ಕ್ಲೆಮೆಂಟ್ ನಿಂತುಬಿಟ್ಟ. ಅದು ಮಿರಮಿರ ಮಿಂಚುತ್ತಿತ್ತು. ಮಸಿಯಿಲ್ಲ, ಬೊಬ್ಬೆಯಿಲ್ಲ, ಬೂದಿಯಿಲ್ಲ. ಒಂದೇ ಸಮ ಕೆರೆದ ಕಬ್ಬಿಣದ ಮೇಲೆ ಎಣ್ಣೆಯ ಹೊಳಪು, ಅದರ ಮೇಲೆ ಕುಂಕುಮದ ಬೊಟ್ಟುಗಳು, ಮಣ್ಣು ತೋಡುವ ಬಕೆಟ್ಟಿನ ಹಲ್ಲಿಗೆ ಬಾಡಿದ ಚೆಂಡುಹೂವಿನ ಹಾರ.

"ಯಾರಪ್ಪಾ ಇದನ್ನ ತೊಳ್ದವ್ರು?"

"ನಾನೇ ಕಣ್ ಸಾಮಿ!" ಕಾವಲುಗಾರ ಸಣ್ಣಮಾದಯ್ಯ ಹೆಮ್ಮೆಯಿಂದ ಮುಂದೆ ಬಂದ. "ಆಯುಧಪೂಜೆ ದಿವ್ಸ ಇದೊಂದು ಮಸಿ ಬಳ್ಕಂಡು ನಿಂತ್ಕಂಡಿದ್ರೆ ಚೆಂದ್ವಾ? ಸತ್ತ ಎಣನೂ ತೊಳ್ದೇ ಕಳಿಸ್ತೀವಿ. ಡೀಸೆಲ್ ಆಕಿ ಉಜ್ಜಿ, ತಂತಿ ಬ್ರಷ್ಷಲ್ಲಿ ಕೆರ್ದು, ಮಗು ತೊಳ್ದಂಗೆ ತೊಳ್ದಿವ್ನಿ."

ಬೈಯಲು ಕ್ಲೆಮೆಂಟನಿಗೆ ಬಾಯಿ ಬರಲಿಲ್ಲ. ಆ ಹಬ್ಬದ ದಿನ ಅವನೂ ತನ್ನ ಶೆಡ್ಡಿನಲ್ಲಿ ಗುಜರಿಗೆ ಹಾಕಲು ಇಟ್ಟಿದ್ದ ಮುರುಕು ಆಕ್ಸಲನ್ನು ಸಹ ತೊಳೆದು ಹೂ ಮುಡಿಸಿದ್ದ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನಾದರೇನು, ಸ್ಪ್ಯಾನರ್ ಹಿಡಿದು ಉಣ್ಣುವವನು ಆ ದಿನ ಸ್ಪ್ಯಾನರಿಗೆ ಕುಂಕುಮ ಇಡದೆ ಇರುತ್ತಾನೆಯೇ?

"ಹೆಂಗ್ ಮಿಂಚ್ತಾ ಇದೆ ನೋಡಿ ಭಾವ!" ಎಂದ ಆಂಟೋ.

"ಅದೇ ಕಣೋ ತೊಂದ್ರೆ."

ಈಗ ಎಲ್ಲವೂ ತನ್ನ ಅಂದಾಜಿನ ಮೇಲೆ ನಿಂತಿತು. ತನ್ನ ಅಂದಾಜು ಯಾವ ಕಡೆ ವಾಲುತ್ತದೆಂದು ಅವನಿಗೆ ಗೊತ್ತು. ಸುತ್ತಿಗೆಯಲ್ಲಿ ಬೂಮಿಗೆ, ಅಂದರೆ ಮೈಯಿಂದ ಹೊರಡುವ ಆ ದೊಡ್ಡ ತೋಳಿಗೆ, ತಟ್ಟಿದ. ಸದ್ದು ಮಂಕಾಗಿದೆ ಅನ್ನಿಸಿತು. ಇನ್ನೊಮ್ಮೆ ತಟ್ಟಿದ, ಚೆನ್ನಾಗಿದೆ ಅನ್ನಿಸಿತು. ಮೂರನೇ ಸಲ ತಟ್ಟಲು ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಆಫೀಸಿನಿಂದ ಷಡಕ್ಷರಿ ಬಂದ. "ಏನ್ ಕ್ಲೆಮೆಂಟ್ ಅವ್ರೇ, ಹೆಣ್ಣು ನೋಡೋಕೆ ಬಂದವ್ರ ಥರ ಸುತ್ತ ಸುತ್ತುತಾ ಇದೀರಿ. ಒಪ್ಪಿಗೇನಾ?"

"ಒಳಗೆ ನೋಡ್ಬೇಕು ಸಾರ್."

"ಒಳಗಾ?"

"ಗ್ರೀಸು. ಇವರು ಹೊರಗಿಂದು ತೊಳ್ದವ್ರೆ. ಒಳಗಿಂದನ್ನ ಯಾರೂ ತೊಳ್ದಿರಲ್ಲ."

ಮಾತು ಬಾಯಿಂದ ಬಂದ ಮೇಲೆಯೇ ಅದು ಸರಿ ಎಂದು ಅವನಿಗೂ ಹೊಳೆದದ್ದು. ಮಷೀನಿನ ಮೈ ತಿರುಗುವ ದೊಡ್ಡ ಬಳೆಯ ಮುಚ್ಚಳವನ್ನು ಮೊದಲು ಬಿಚ್ಚಿದ. ಬೆರಳು ಹಾಕಿದ. ಗ್ರೀಸು ಬೆಣ್ಣೆಯ ಹಾಗೆ ಮೆತ್ತಗೆ ಬಂತು. ಬೆಂಕಿಯ ಕಾವು ಅಲ್ಲಿಗೆ ಮುಟ್ಟಿಲ್ಲ. ಹಿಂದಿನ ಎಂಜಿನ್ನಿನ ಕಡೆ ರಬ್ಬರು ಪೈಪುಗಳೂ ಕರಗಿರಲಿಲ್ಲ. ಸಂತೋಷವಾಗಬೇಕಿತ್ತು. ಆದರೆ ನಿರಾಸೆಯಾಯಿತು. ಸುಟ್ಟಿರಲಿ, ಕರಕಲಾಗಿರಲಿ, ಇಲ್ಲ ಅಂದು ಮನೆಗೆ ಹೋಗಿಬಿಡೋಣ ಎಂದು ತಾನು ಇಷ್ಟು ಹೊತ್ತೂ ಹಾರೈಸುತ್ತಿದ್ದೆನೆಂದು ತಿಳಿದು, ಅವನಿಗೆ ಆಂಟೋನ ಮುಖ ನೋಡಲು ನಾಚಿಕೆಯಾಯಿತು.

"ಬೂಮಿನ ಬುಡದ ಪಿನ್ನು ತೆಗೀಬೇಕು," ಎಂದ.

ಷಡಕ್ಷರಿ ಗೊಣಗುತ್ತಲೇ ಕ್ರೇನು ತರಿಸಿದ. ಚೈನಿನಲ್ಲಿ ಬೂಮನ್ನು ತೂಗುಹಾಕಿ, ಬಡಿದು ಬಡಿದು ಎಳೆದ ಮೇಲೆ ತೊಡೆಗಾತ್ರದ ಪಿನ್ನು ಕಿರುಗುಟ್ಟುತ್ತ ಹೊರಬಂತು. ಗ್ರೀಸಿರಬೇಕಾದ ಕಡೆ ಸೀದ ರೊಟ್ಟಿಯ ಚೂರಿನಂಥ ಕರಿಪುಡಿ ಉದುರಿತು. ಕ್ಲೆಮೆಂಟ್ ಚೀಲದಿಂದ ಕಬ್ಬಿಣ ಉಜ್ಜುವ ಅರ ತೆಗೆದು ಪಿನ್ನಿನ ಮೇಲೆ ಎಳೆದ. ಹದವಿರುವ ಪಿನ್ನಾಗಿದ್ದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರಬೇಕು. ಅರ ಕಚ್ಚಿತು. ಬೆಳ್ಳಗೆ ಪುಡಿ ಬಿತ್ತು.

"ನೀನೇ ಎಳೆದು ನೋಡು," ಎಂದು ಆಂಟೋನ ಕೈಗೆ ಕೊಟ್ಟ. ಆಂಟೋ ಎಳೆದ. ಅವನ ಕೈಯಲ್ಲೂ ಅರ ಕಚ್ಚಿತು.

"ಪಿನ್ನು ಹೊಸದು ಹಾಕಿದ್ರಾಯ್ತಪ್ಪ," ಎಂದ ಷಡಕ್ಷರಿ.

"ಪಿನ್ನಿಗೆ ಇಷ್ಟು ಕಾವು ತಗುಲಿದ್ರೆ ಅದರ ಸುತ್ತ ಇರೋ ಬೂಮಿಗೆ ತಗುಲಿಲ್ವಾ ಸಾರ್? ಕ್ಯಾಬಿನ್ನು ಉರಿದಿದ್ದು ಇದರ ಪಕ್ಕದಲ್ಲೇ."

"ಬುಡಕ್ಕೆ ಒಂದು ಪಟ್ಟಿ ವೆಲ್ಡಿಂಗ್ ಮಾಡಿ ಬಣ್ಣ ಹೊಡೀರಿ. ಯಾವ ನನ್ಮಗನಿಗೆ ಗೊತ್ತಾಗುತ್ತೆ?"

ಆಂಟೋ ಭಾವನ ಮುಖವನ್ನೇ ನೋಡುತ್ತಿದ್ದ. "ಹೂಂನಾ, ಊಹೂಂನಾ ಭಾವ?"

ಕ್ಲೆಮೆಂಟ್ ಅವನ ಕೈಯಿಂದ ಅರ ಇಸಿದುಕೊಂಡ. "ಮೈಗೆ ಹೂಂ. ಎಂಜಿನ್ನು, ನೆಲದ ಮೇಲೆ ಓಡೋ ಚೈನು, ಬಳೆ, ಎಲ್ಲಕ್ಕೂ ಹೂಂ. ಕ್ಯಾಬಿನ್ನು ನಾನು ಕಟ್ಕೊಡ್ತೀನಿ. ಬೂಮು ಬೇಡ. ಬೇರೆ ಬೂಮು ಸಿಗೋವರ್ಗೂ ಕಾಯ್ಬೇಕು."

"ಎಷ್ಟು ದಿನ?"

"ಗೊತ್ತಿಲ್ಲ ಕಣೋ. ಆರು ತಿಂಗಳೂ ಆಗ್ಬೋದು."

ಆಂಟೋ ನೆಲ ನೋಡಿದ. ಆಮೇಲೆ, "ಆಗ್ಲಿ ಬಿಡಿ. ಅಲ್ಲಿವರ್ಗೂ ಈ ಬೂಮು ಶೆಡ್ಡಲ್ಲಿ ಬಿದ್ದಿರ್ಲಿ," ಎಂದ.

"ಇಲ್ಲ. ಇಲ್ಲೇ ಗ್ಯಾಸಲ್ಲಿ ಕತ್ತರಿಸ್ಬೇಕು. ಕತ್ತರಿಸಿದ ಮೇಲೇ ಮಷೀನು ಯಾರ್ಡ್ ದಾಟೋದು."

"ಕಾಸು ಕೊಟ್ಟು ಕೊಂಡು ಕತ್ತರಿಸೋದಾ! ಯಾರಾದ್ರೂ ಕೇಳಿದ್ರೆ ನಗ್ತಾರೆ ಭಾವ. ನನ್ಮೇಲೆ ನಂಬ್ಕೆ ಇಲ್ವಾ ನಿಮ್ಗೆ?"

"ನಿನ್ಮೇಲಲ್ಲ ಕಣೋ. ನನ್ಮೇಲೆ." ಕ್ಲೆಮೆಂಟ್ ತಡವರಿಸಿದ. "ಮೂರು ತಿಂಗಳು ಆಗ್ಲಿ. ಕೆಲಸ ಕೈತಪ್ಪಿ ಹೋಗ್ತಾ ಇರುತ್ತೆ. ನೀನು ಬಂದು ಶೆಡ್ಡಲ್ಲಿ ಕೂತ್ಕೋತೀಯ. ನಿಮ್ಮಕ್ಕ ಊಟ ಬಡಿಸ್ತಾ ಮಾತಾಡಲ್ಲ. ಒಂದು ಪಟ್ಟಿ ಹಾಕ್ಕೊಡಿ ಭಾವ ಅಂತೀಯ. ಆವಾಗ ನಾನು ಇಲ್ಲ ಅನ್ನಲ್ಲ ಆಂಟೋ. ನಾನು ಅಷ್ಟು ಗಟ್ಟಿ ಇಲ್ಲ. ವೆಲ್ಡಿಂಗ್ ಹೊಡೆದ್ಬಿಡ್ತೀನಿ. ನೀನು ಕ್ಯಾಬಿನ್ನಲ್ಲಿರ್ತೀಯ. ಕಾಲುವೆಯೊಳಗೆ ಬಗ್ಗಿಕೊಂಡಿರೋವ್ರು ತಲೆ ಎತ್ತಿ ನೋಡಿರೋದೇ ಇಲ್ಲ."

ಕ್ರೇನಿನ ಚೈನು ಸಣ್ಣಗೆ ತೂಗಾಡುತ್ತಿತ್ತು. ಸಣ್ಣಮಾದಯ್ಯ ಹತ್ತಿರ ಬಂದು, "ನಾನು ತೊಳ್ದದ್ದು ತಪ್ಪಾಯ್ತಾ ಸಾಮಿ?" ಎಂದು ಮೆಲ್ಲಗೆ ಕೇಳಿದ. "ಇಲ್ಲ ಕಣಯ್ಯ, ಸುಮ್ನಿರು," ಎಂದ ಕ್ಲೆಮೆಂಟ್.

ಆಂಟೋ ಹೆಲ್ಮೆಟ್ಟು ತೆಗೆದುಕೊಂಡು ಗೇಟಿನ ಕಡೆ ನಡೆದ. ಹೋದ, ಮುಗಿಯಿತು, ಪೌಲಿನ್‌ಗೆ ಏನು ಹೇಳಲಿ ಎಂದು ಕ್ಲೆಮೆಂಟ್ ಅಂದುಕೊಳ್ಳುತ್ತಿರುವಾಗಲೇ ಅವನು ತಿರುಗಿ ಬಂದ. ಕಣ್ಣು ಕೆಂಪಾಗಿತ್ತು.

"ಷಡಕ್ಷರಿ ಅಣ್ಣ, ಗ್ಯಾಸ್ ಸಿಲಿಂಡರ್ ಇದ್ಯಾ? ಬೂಮು ಗುಜರಿ ತೂಕಕ್ಕೆ ನೀವೇ ಇಟ್ಕೊಂಡು, ರೇಟಲ್ಲಿ ಇಳಿಸ್ಕೊಡಿ."

"ಇಬ್ರೂ ಸರಿಯಾದ ಹುಚ್ಚರು ಕಣ್ರೀ," ಎನ್ನುತ್ತ ಷಡಕ್ಷರಿ ಸಿಲಿಂಡರಿನ ಬೀಗದ ಕೈ ಹುಡುಕಲು ಹೋದ.

ಕತ್ತರಿಸಿದವನು ಕ್ಲೆಮೆಂಟೇ. ನೀಲಿ ಜ್ವಾಲೆ ಬುಡದಿಂದ ಮೊಳದಷ್ಟು ಮೇಲೆ ಕಬ್ಬಿಣವನ್ನು ಕೊರೆಯುತ್ತ ಹೋದಾಗ, ಇದೂ ತಪ್ಪಾಗಿದ್ದರೆ, ಚೆನ್ನಾಗಿರುವುದನ್ನೇ ಹಾಳು ಮಾಡುತ್ತಿದ್ದರೆ ಎಂದು ಮನಸ್ಸು ಕುಟುಕುತ್ತಲೇ ಇತ್ತು. ಕೈ ಮಾತ್ರ ನಿಲ್ಲಲಿಲ್ಲ. ಕೊನೆಯ ಅಂಚು ಬಿಟ್ಟಾಗ ಬುಡದ ತುಂಡು ಧೊಪ್ಪನೆ ಮಣ್ಣಿಗೆ ಬಿತ್ತು. ಇನ್ನು ಯಾವ ವೆಲ್ಡಿಂಗಿಗೂ ಅದು ಬರುವಂತಿರಲಿಲ್ಲ.

ಆಂಟೋ ಆ ತುಂಡನ್ನು ಬೂಟುಗಾಲಿನಿಂದ ಒಮ್ಮೆ ಒದ್ದ. "ಸರಿ. ಈಗ ಬೇರೆ ಬೂಮು ಎಲ್ಲಿಂದ ತರೋದು?"

ಕ್ಲೆಮೆಂಟ್ ಗ್ಯಾಸು ಬಂದ್ ಮಾಡಿ ಕನ್ನಡಕ ಹಣೆಗೆ ಏರಿಸಿದ.

"ಹುಡುಕೋಣ," ಎಂದ.